ಪ್ರೊಟ್ರ್ಯಾಕ್ಟರ್ ಕೊಳ್ಳುವ ಮುನ್ನ ತಕ್ಕಡಿಯನ್ನು ಪರೀಕ್ಷಿಸಿ

ನಿಮ್ಮ ಭಾವಗೀತೆಯ ಎಲ್‌ಪಿಗಳಲ್ಲಿ ಪ್ರತಿ ಬದಿಯ ಕೊನೆಯ ಹಾಡಿಗೆ ಬರುವಷ್ಟರಲ್ಲಿ ‘ಸ’, ‘ಶ’ ಅಕ್ಷರಗಳು ಸೀಳಿದಂತೆ ಕೇಳುತ್ತಿವೆ. ಮುಳ್ಳು ರೆಕಾರ್ಡಿನ ಮೇಲೆ ಒತ್ತುವ ಭಾರ ತಕ್ಕಡಿಯಲ್ಲಿ ಸರಿಯಾಗಿ 2.0 ಗ್ರಾಂ ತೋರಿಸುತ್ತಿದೆ. ಹಾಗಾದರೆ ಬೇರ್‌ವಾಲ್ಡ್, ಲೋಫ್‌ಗ್ರೆನ್ ಬಿ, ಸ್ಟೀವನ್‌ಸನ್ ಈ ಮೂರು ಜೋಡಣೆಗಳಲ್ಲಿ (ತೋಳಿನ ತುದಿಯಲ್ಲಿ ಮುಳ್ಳನ್ನು ಯಾವ ಕೋನದಲ್ಲಿ ಕೂರಿಸಬೇಕೆಂಬ ಲೆಕ್ಕಗಳಲ್ಲಿ) ಯಾವುದನ್ನು ಆರಿಸಬೇಕು, ಅದಕ್ಕಾಗಿ ಕೆಲವು ಸಾವಿರ ರೂಪಾಯಿ ಕೊಟ್ಟು ಆ ಕೋನವನ್ನು ನೋಡುವ ಕನ್ನಡಿಯ ಅಳತೆಪಟ್ಟಿಯಾದ ಪ್ರೊಟ್ರ್ಯಾಕ್ಟರ್ ತರಿಸಬೇಕೇ ಎಂದು ಕೇಳಿದ್ದೀರಿ. ಟರ್ನ್‌ಟೇಬಲ್ ಹಳೆಯ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2, ಮುಳ್ಳನ್ನು ಹೊತ್ತ ಕಾರ್ಟ್ರಿಡ್ಜ್ ಆಡಿಯೋ-ಟೆಕ್ನಿಕಾ ವಿಎಂ95ಇ ಎಂದೂ ಬರೆದಿದ್ದೀರಿ. ತರಿಸಬೇಡಿ ಎಂಬುದು ನನ್ನ ಉತ್ತರ. ‘ಭಾರ ಸರಿಯಾಗಿದೆ’ ಎಂದು ನೀವು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀರಲ್ಲ, ನಾನೂ ಹಾಗೆಯೇ ಮುಗಿಸಿದ್ದೆ, ಮತ್ತು ನನ್ನ ಅಮ್ಮನ ಬಳಿಯಿದ್ದ ವೀಣಾವಾದನದ ರೆಕಾರ್ಡ್ ಹಾಳಾಗಿದ್ದು ಅಲ್ಲಿಯೇ.

ಆಗ ನಾನು ಬಸವನಗುಡಿಯ ಬಾಡಿಗೆ ಮನೆಯಲ್ಲಿದ್ದೆ. ನನ್ನ ಬಳಿ ಇದ್ದದ್ದು ಡೆನಾನ್ ಡಿಎಲ್-103. ಜಪಾನಿನ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆಯ ಬಳಕೆಗೆಂದು 1960ರ ದಶಕದಲ್ಲಿ ರೂಪುಗೊಂಡು ಇಂದಿಗೂ ತಯಾರಾಗುತ್ತಿರುವ ಮೂವಿಂಗ್ ಕಾಯಿಲ್ (ಮುಳ್ಳಿನ ಜೊತೆ ತಂತಿಯ ಸುರುಳಿ ಅಲುಗುವ) ಕಾರ್ಟ್ರಿಡ್ಜ್ ಅದು. ಅದಕ್ಕೆ ಹೇಳಿರುವ ಮುಳ್ಳಿನ ಭಾರ 2.5 ಗ್ರಾಂ, ಅತ್ತಿತ್ತ 0.3 ಗ್ರಾಂ ವ್ಯತ್ಯಾಸಕ್ಕೆ ಅವಕಾಶವಿದೆ. ಭಾರ ಕಡಿಮೆಯಾದಷ್ಟೂ ರೆಕಾರ್ಡಿಗೆ ಒಳ್ಳೆಯದು ಎಂಬ ನಂಬಿಕೆ ನನ್ನದಾಗಿತ್ತು; ಅಮ್ಮ ಮದುವೆಗೆ ಮೊದಲು ಕೊಂಡಿದ್ದ ರೆಕಾರ್ಡುಗಳನ್ನು ನುಡಿಸುವವನಿಗೆ ಆ ನಂಬಿಕೆ ಸುಲಭವಾಗಿ ಹಿಡಿಸುತ್ತದೆ. ಎರಡು ದಶಾಂಶ ಸ್ಥಾನಗಳವರೆಗೆ ಅಂಕಿ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯೊಂದನ್ನು ತಂದು, ಅದನ್ನು ರೆಕಾರ್ಡ್ ಕೂರುವ ಪ್ಲ್ಯಾಟರ್ ಮೇಲಿಟ್ಟು, ಮುಳ್ಳನ್ನು ಅದರ ತಟ್ಟೆಯ ಮೇಲೆ ಇಳಿಸಿ, 2.3 ಬರುವವರೆಗೆ ತೋಳಿನ ಹಿಂಬದಿಯ ಪ್ರತಿತೂಕವನ್ನು ತಿರುಗಿಸಿದೆ. ತೋಳಿನ ಮೇಲೆ ಭಾರ ತೋರಿಸುವ ಡಯಲ್ ಆಗ 1.9ರ ಹತ್ತಿರ ನಿಂತಿತ್ತು. ಅದನ್ನು ನಾನು ನೋಡಿದೆ. ಹಳೆಯ ಡಯಲ್, ಸವೆದಿರಬೇಕು ಎಂದುಕೊಂಡು ಹೊಳೆಯುವ ಅಂಕಿಯನ್ನೇ ನಂಬಿದೆ.

ಇಲ್ಲಿ ನಡೆದದ್ದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹಳ ಮಂದಿಯ ಮನೆಯಲ್ಲಿ ಇದು ಗೊತ್ತಿಲ್ಲದೆ ನಡೆಯುತ್ತಿದೆ. ಮೊದಲನೆಯದು ಎತ್ತರ. ತಕ್ಕಡಿಯ ತಟ್ಟೆ ರೆಕಾರ್ಡಿನ ಮಟ್ಟಕ್ಕಿಂತ ಸುಮಾರು ಒಂದೂವರೆ ಸೆಂಟಿಮೀಟರ್ ಮೇಲಿತ್ತು. ನನ್ನ ತೋಳಿನಲ್ಲಿ ಪ್ರತಿತೂಕವು ತೋಳು ತಿರುಗುವ ಪಿವಟ್‌ಗಿಂತ ಕೆಳಗೆ ತೂಗುತ್ತದೆ, ಅಂದರೆ ಇಡೀ ತೋಳಿನ ಗುರುತ್ವ ಕೇಂದ್ರವೇ ಪಿವಟ್‌ನ ಕೆಳಗಿದೆ. ಇಂಥ ತೋಳಿನ ಮುಂಭಾಗವನ್ನು ಮೇಲೆತ್ತಿದರೆ ಆ ಕೇಂದ್ರ ತುಸು ಮುಂದಕ್ಕೆ ಸರಿಯುತ್ತದೆ, ತೋಳು ತನ್ನ ಮೊದಲಿನ ಮಟ್ಟಕ್ಕೆ ಮರಳಲು ಕೆಳಮುಖವಾಗಿ ಒತ್ತುತ್ತದೆ, ತಕ್ಕಡಿ ಆ ಒತ್ತನ್ನೂ ಸೇರಿಸಿ ಓದುತ್ತದೆ. ಅದೇ ಮುಳ್ಳು ರೆಕಾರ್ಡಿನ ಮಟ್ಟಕ್ಕೆ ಇಳಿದಾಗ ಆ ಹೆಚ್ಚುವರಿ ಒತ್ತು ಇರುವುದಿಲ್ಲ. ಪ್ರತಿತೂಕದ ಕೇಂದ್ರವು ಪಿವಟ್‌ನ ಮಟ್ಟದಲ್ಲೇ ಇರುವ ತೋಳುಗಳಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ, ಕೆಳಗೆ ತೂಗುವ ತೋಳುಗಳಲ್ಲಿ ಹೆಚ್ಚು.

ಎರಡನೆಯದು ಅಯಸ್ಕಾಂತ. ತಕ್ಕಡಿಯ ತಟ್ಟೆ ಉಕ್ಕಿನದಾದರೆ ಕಾರ್ಟ್ರಿಡ್ಜಿನೊಳಗಿನ ಅಯಸ್ಕಾಂತ ಅದನ್ನು ಸೆಳೆದು ತಪ್ಪು ಅಂಕಿ ತೋರಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ಸರಿ. ತೂಕಕ್ಕೆ ಒಳಪಡುವ ತಟ್ಟೆಯೇ ಉಕ್ಕಿನದಾದರೆ, ಅಯಸ್ಕಾಂತವು ತೋಳನ್ನು ಕೆಳಕ್ಕೆ ಎಷ್ಟು ಎಳೆಯುತ್ತದೆಯೋ ತಟ್ಟೆಯನ್ನು ಮೇಲಕ್ಕೆ ಅಷ್ಟೇ ಎಳೆಯುತ್ತದೆ, ಎರಡೂ ಹೆಚ್ಚುಕಡಿಮೆ ಒಂದನ್ನೊಂದು ಕಳೆದುಕೊಳ್ಳುತ್ತವೆ. ತೊಂದರೆ ಕೊಡುವುದು ತಟ್ಟೆಯ ಕೆಳಗೆ ತಕ್ಕಡಿಯ ಮೈಯಲ್ಲಿ ಸ್ಥಿರವಾಗಿರುವ ಉಕ್ಕು: ಸ್ಕ್ರೂಗಳು, ಅಡಿಯ ಫಲಕ, ಬ್ಯಾಟರಿಯ ಕವಚ. ಅವು ತೋಳನ್ನು ಕೆಳಕ್ಕೆ ಎಳೆಯುತ್ತವೆ, ಆದರೆ ಅವುಗಳ ಮೇಲಾಗುವ ಎಳೆತ ಅಂಕಿಯಲ್ಲಿ ಕಳೆದುಹೋಗುವುದಿಲ್ಲ. ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್‌ಗಳ ಅಯಸ್ಕಾಂತ ಬಲವಾದದ್ದು. ನನ್ನ ತಕ್ಕಡಿಯ ತಟ್ಟೆ ಪ್ಲಾಸ್ಟಿಕ್ಕಿನದೇ ಆಗಿದ್ದರೂ ಅದರ ಕೆಳಗೆ ಉಕ್ಕಿನ ಫಲಕವಿತ್ತು. ಎತ್ತರದ ತಪ್ಪು, ಅಯಸ್ಕಾಂತದ ತಪ್ಪು ಎರಡೂ ಒಂದೇ ದಿಕ್ಕಿನವು ಎಂಬುದನ್ನು ಗಮನಿಸಿ. ಎರಡೂ ಇದ್ದದ್ದಕ್ಕಿಂತ ಹೆಚ್ಚು ಭಾರ ತೋರಿಸುತ್ತವೆ, ಎರಡರ ಫಲವಾಗಿಯೂ ರೆಕಾರ್ಡಿನ ಮೇಲೆ ಮುಳ್ಳು ಹಗುರವಾಗುತ್ತದೆ. ಕನಿಷ್ಠ ಮಿತಿಯಾದ 2.2ಕ್ಕೆ ತೀರ ಹತ್ತಿರ ಇಟ್ಟಿದ್ದೇನೆ ಎಂದು ನಾನು ತಿಳಿದಿದ್ದಾಗ, ನಿಜವಾಗಿ ಮುಳ್ಳು 1.9 ಗ್ರಾಂನಲ್ಲಿ ಓಡುತ್ತಿತ್ತು.

ಹಗುರವಾದ ಮುಳ್ಳು ರೆಕಾರ್ಡನ್ನು ಕಾಪಾಡುವುದಿಲ್ಲ. ರೆಕಾರ್ಡಿನ ಗೆರೆಯ, ಅಂದರೆ ಗ್ರೂವಿನ, ತಿರುವು ತೀಕ್ಷ್ಣವಾದಲ್ಲಿ, ಅಂದರೆ ನಾದ ಗಟ್ಟಿಯಾಗಿ ಹೊಮ್ಮುವಲ್ಲಿ, ಹಗುರ ಮುಳ್ಳಿಗೆ ಗೋಡೆಯನ್ನು ಬಿಡದೆ ಹಿಡಿದುಕೊಳ್ಳಲು ಆಗುವುದಿಲ್ಲ. ಅದು ಒಂದು ಗೋಡೆಯಿಂದ ಬಿಡಿಸಿಕೊಂಡು ಮತ್ತೆ ಬಂದು ಬಡಿಯುತ್ತದೆ, ವಜ್ರದ ಆ ಬಡಿತ ವಿನೈಲಿನಲ್ಲಿ ಉಳಿದುಬಿಡುತ್ತದೆ. ವೀಣೆಯಲ್ಲಿ ಮೀಟಿನ ಮೊದಲ ಕ್ಷಣವೇ ಅತ್ಯಂತ ತೀಕ್ಷ್ಣ. ತಾನದ ಭಾಗದಲ್ಲಿ ಮೀಟಿನ ಮೇಲೆ ಮೀಟು ಬರುವಾಗ ನನಗೆ ಕೇಳಿಸುತ್ತಿದ್ದ ಚಿರಿಚಿರಿ ಸದ್ದನ್ನು ನಾನು ಜೋಡಣೆಯ ದೋಷವೆಂದು ತಿಳಿದೆ. ಒಂದು ಜೋಡಣೆ ಬಿಟ್ಟು ಇನ್ನೊಂದಕ್ಕೆ ಹೋದೆ, ಪ್ರತಿ ಬಾರಿಯೂ ಪರೀಕ್ಷೆಗೆಂದು ಅದೇ ರೆಕಾರ್ಡಿನ ಅದೇ ಭಾಗವನ್ನು ನುಡಿಸಿದೆ. ಒಳ್ಳೆಯ ಧ್ವನಿಮುದ್ರಣವಾದ್ದರಿಂದ ಪರೀಕ್ಷೆಗೆ ಅದೇ ಸೂಕ್ತವೆಂದು ಎಣಿಸಿದ್ದೆ.

ನಮ್ಮ ಬೀದಿಯಲ್ಲೇ ಇದ್ದ, ಆಕಾಶವಾಣಿಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾಗಿದ್ದ ಹಿರಿಯರೊಬ್ಬರು ಒಂದು ಸಂಜೆ ಕೇಳಲು ಬಂದರು. ಪೂರ್ತಿ ಒಂದು ಬದಿ ಮಾತಿಲ್ಲದೆ ಕೇಳಿ, ಎದ್ದು ತೋಳಿನ ಹತ್ತಿರ ಬಗ್ಗಿ ನೋಡಿದರು.

“ಏನಪ್ಪಾ, ಡಯಲ್ಲು 1.9 ಅಂತಿದೆಯಲ್ಲ. ಇದನ್ನ ಯಾಕೆ ನಂಬಲಿಲ್ಲ?”

“ಹಳೇದು ಸರ್, ಸವೆದಿರಬಹುದು ಅಂದುಕೊಂಡೆ.”

“ಅದರಲ್ಲಿ ಸವೆಯೋಕೆ ಏನಿದೆ? ಸ್ಕ್ರೂವಿನ ಹಾಗೆ ತಿರುಗೋ ತೂಕ ಅಷ್ಟೇ. ಮೊದಲು ಸೊನ್ನೆ ಸರಿಯಾಗಿ ಹಿಡಿದಿದ್ದರೆ ಅದು ಸುಳ್ಳು ಹೇಳೋದಿಲ್ಲ.”

ಮರುದಿನ ಅವರು ತಮ್ಮ ಹಳೆಯ ಶ್ಯೂರ್ ತಕ್ಕಡಿಯನ್ನು ತಂದರು. ಬ್ಯಾಟರಿ ಇಲ್ಲದ, ಅಯಸ್ಕಾಂತ ಸೆಳೆಯದ, ಸಣ್ಣ ತೂಗುಪಟ್ಟಿಯಂಥ ಸಾಧನ ಅದು; ಮುಳ್ಳು ಹೆಚ್ಚುಕಡಿಮೆ ರೆಕಾರ್ಡಿನ ಮಟ್ಟದಲ್ಲೇ ಕೂರುತ್ತದೆ. ಅದು ಡಯಲ್ ಹೇಳಿದ್ದನ್ನೇ ಹೇಳಿತು. ಭಾರವನ್ನು 2.5ಕ್ಕೆ ಏರಿಸಿದ ಮೇಲೆ ಬೇರೆ ರೆಕಾರ್ಡುಗಳ ಚಿರಿಚಿರಿ ನಿಂತುಹೋಯಿತು. ವೀಣೆಯ ಆ ತಾನದ ಭಾಗದಲ್ಲಿ ಮಾತ್ರ ನಿಲ್ಲಲಿಲ್ಲ, ಈಗಲೂ ಹಾಗೆಯೇ ಇದೆ, ಏಕೆಂದರೆ ಈಗ ಅದು ಮುಳ್ಳಿನ ದೋಷವಲ್ಲ, ಗ್ರೂವಿನಲ್ಲಿಯೇ ಬರೆದುಹೋಗಿದೆ. ಇನ್ನೊಂದು ಪ್ರತಿಗಾಗಿ ಅವೆನ್ಯೂ ರಸ್ತೆಯಲ್ಲೂ ಭಾನುವಾರದ ಸಂತೆಯಲ್ಲೂ ಹುಡುಕಿ ಒಂದನ್ನು ತಂದೆ. ನೋಡಲು ಕನ್ನಡಿಯಂತೆ ಹೊಳೆಯುತ್ತಿದ್ದ ಅದರಲ್ಲೂ ಹಿಂದಿನ ಯಾರೋ ಮಾಡಿದ ಇದೇ ಗಾಯವಿತ್ತು. ಈ ಗಾಯ ಕಣ್ಣಿಗೆ ಕಾಣುವಂಥದ್ದಲ್ಲ.

ಈಗ ನೀವು ಕೇಳಿದ ಜೋಡಣೆಯ ವಿಷಯ. ತೋಳು ಒಂದು ಬಿಂದುವಿನ ಸುತ್ತ ತಿರುಗುವುದರಿಂದ ಕಾರ್ಟ್ರಿಡ್ಜ್ ಗ್ರೂವಿಗೆ ಸರಿಯಾಗಿ ಸ್ಪರ್ಶರೇಖೆಯಾಗಿ ನಿಲ್ಲುವುದು ಎರಡೇ ಕಡೆ. ಉಳಿದ ಕಡೆಯಲ್ಲೆಲ್ಲ ಸ್ವಲ್ಪ ಓರೆ ಇದ್ದೇ ಇರುತ್ತದೆ. ಆ ಎರಡು ಶೂನ್ಯ ಬಿಂದುಗಳನ್ನು ಎಲ್ಲಿಡಬೇಕು ಎಂಬುದಷ್ಟೇ ಈ ಚರ್ಚೆ. ಲೋಫ್‌ಗ್ರೆನ್ 1938ರಲ್ಲಿ, ಬೇರ್‌ವಾಲ್ಡ್ 1941ರಲ್ಲಿ, ಸ್ಟೀವನ್‌ಸನ್ 1966ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ಬೇರ್‌ವಾಲ್ಡ್ ಲೆಕ್ಕದಲ್ಲಿ ಆ ಬಿಂದುಗಳು ಕೇಂದ್ರದಿಂದ 66.0 ಮತ್ತು 120.9 ಮಿಲಿಮೀಟರ್ ದೂರದಲ್ಲಿವೆ, ಸ್ಟೀವನ್‌ಸನ್ ಲೆಕ್ಕದಲ್ಲಿ 60.3 ಮತ್ತು 117.4ರಲ್ಲಿ.

ನಿಮ್ಮ ಟೆಕ್ನಿಕ್ಸ್‌ನಲ್ಲಿ ಪಿವಟ್‌ನಿಂದ ನಡುವಿನ ಕಡ್ಡಿಯಾದ ಸ್ಪಿಂಡಲ್‌ಗೆ 215 ಮಿ.ಮೀ., ಪಿವಟ್‌ನಿಂದ ಮುಳ್ಳಿಗೆ 230 ಮಿ.ಮೀ., ಕಾರ್ಟ್ರಿಡ್ಜ್ ಕೂರುವ ಹೆಡ್‌ಶೆಲ್‌ನ ಓರೆ 22 ಡಿಗ್ರಿ. ಇದರಿಂದ ಲೆಕ್ಕ ಹಾಕಿದರೆ ಶೂನ್ಯ ಬಿಂದುಗಳು 58.8 ಮತ್ತು 113.5ರಲ್ಲಿ ಬೀಳುತ್ತವೆ, ಅಂದರೆ ಕಾರ್ಖಾನೆಯವರ ಜೋಡಣೆ ಸ್ಟೀವನ್‌ಸನ್‌ನ ದಾರಿಯಲ್ಲೇ ಇದೆ. ನಿಮ್ಮ ದೂರು ಬದಿಯ ಕೊನೆಯ ಹಾಡಿನದು. ರೆಕಾರ್ಡಿನ ಅತ್ಯಂತ ಒಳಗಿನ 60.3 ಮಿ.ಮೀ. ತ್ರಿಜ್ಯದಲ್ಲಿ ಕಾರ್ಖಾನೆಯ ಜೋಡಣೆಯ ಓರೆ ಸುಮಾರು 0.2 ಡಿಗ್ರಿ, ಅದೇ ತೋಳಿನಲ್ಲಿ ಬೇರ್‌ವಾಲ್ಡ್ ಮಾಡಿದರೆ ಸುಮಾರು 0.8 ಡಿಗ್ರಿ. ಹೊಸ ಪ್ರೊಟ್ರ್ಯಾಕ್ಟರಿಗೆ ಹಣ ಕೊಟ್ಟು ಬೇರ್‌ವಾಲ್ಡ್‌ಗೆ ಬದಲಾಯಿಸಿದರೆ ನೀವು ದೂರುತ್ತಿರುವ ಜಾಗದಲ್ಲೇ ಓರೆ ಹೆಚ್ಚುತ್ತದೆ. ಹೊರ ಅಂಚಿನಲ್ಲಿ ಬೇರ್‌ವಾಲ್ಡ್ ಉತ್ತಮ ಎಂಬುದು ನಿಜ, ಆದರೆ ಅಲ್ಲಿ ಗ್ರೂವ್ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಹರಿಯುತ್ತದೆ, ಒಳಗೆ ಬರುವಾಗ ಅದು 21ಕ್ಕೆ ಇಳಿದಿರುತ್ತದೆ. ಅದೇ ‘ಶ’ಕಾರ ಒಳಗೆ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮಡಚಿಕೊಂಡು ಕೂತಿರುತ್ತದೆ, ಆದ್ದರಿಂದ ಓರೆಯ ಕೆಡುಕೂ ಹಗುರ ಮುಳ್ಳಿನ ಕೆಡುಕೂ ಅಲ್ಲಿಯೇ ಹೆಚ್ಚು. ನಮ್ಮ ಸಂಗೀತದ ರೆಕಾರ್ಡುಗಳಲ್ಲಂತೂ ತನಿ ಆವರ್ತನವೋ ಝಾಲಾವೋ ಅತ್ಯಂತ ಬಿರುಸಾಗಿರುವುದು ಬದಿಯ ಕೊನೆಯಲ್ಲಿ. ಕರ್ನಾಟಕ ಸಂಗೀತ, ಭಾವಗೀತೆ ಕೇಳುವವರಿಗೆ ಒಳ ಗ್ರೂವನ್ನು ಕಾಯುವ ಜೋಡಣೆಯೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರ್ಖಾನೆಯ ಜೋಡಣೆಗೆ ಬೇಕಾದದ್ದು ಒಂದೇ ಅಳತೆ: ಹೆಡ್‌ಶೆಲ್‌ನ ಹಿಂದಿನ ರಬ್ಬರ್ ವಾಷರಿನಿಂದ ಮುಳ್ಳಿನ ತುದಿಗೆ 52 ಮಿ.ಮೀ. ಟರ್ನ್‌ಟೇಬಲ್ ಜೊತೆ ಬರುತ್ತಿದ್ದ ಪ್ಲಾಸ್ಟಿಕ್ ಗೇಜ್ ಇದ್ದರೆ ಸಾಕು, ಇಲ್ಲದಿದ್ದರೆ ಒಳ್ಳೆಯ ಸ್ಕೇಲ್ ಸಾಕು. ಕಾರ್ಟ್ರಿಡ್ಜಿನ ಮೈ ಹೆಡ್‌ಶೆಲ್‌ಗೆ ನೇರವಾಗಿರಲಿ, ಮುಂದಿನಿಂದ ನೋಡಿದಾಗ ಮುಳ್ಳು ನೆಟ್ಟಗಿರಲಿ, ರೆಕಾರ್ಡಿನ ಮೇಲೆ ತೋಳು ಸಮತಲವಾಗಿರಲಿ. ಮುದ್ರಿಸಿದ ಪ್ರೊಟ್ರ್ಯಾಕ್ಟರ್ ಬಳಸಲೇಬೇಕೆಂದಿದ್ದರೆ ಝೆರಾಕ್ಸ್ ಅಂಗಡಿಯಲ್ಲಿ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ತೆಗೆಸಿ. ಅಮೆರಿಕದ ಲೆಟರ್ ಹಾಳೆಯ ಅಗಲಕ್ಕೆ ಬರೆದ ಚಿತ್ರವನ್ನು ಎ4 ಅಗಲಕ್ಕೆ ಕುಗ್ಗಿಸಿದರೆ 120.9 ಮಿ.ಮೀ. ಇರಬೇಕಾದದ್ದು 117.6 ಆಗುತ್ತದೆ.

ಇದೆಲ್ಲಕ್ಕೂ ಮೊದಲು ಭಾರದ ಪರೀಕ್ಷೆ ಮಾಡಿ. ತೋಳು ಒಳಕ್ಕೆ ಜಾರದಂತೆ ತಡೆಯುವ ಆಂಟಿ-ಸ್ಕೇಟಿಂಗ್ ಗುಂಡಿಯನ್ನು ಸೊನ್ನೆಗೆ ತನ್ನಿ, ಮುಳ್ಳಿನ ಮುಚ್ಚಳ ತೆಗೆಯಿರಿ, ತೋಳು ಗಾಳಿಯಲ್ಲಿ ಸಮತಲವಾಗಿ ತೇಲುವವರೆಗೆ ಪ್ರತಿತೂಕ ತಿರುಗಿಸಿ, ಅಲ್ಲಿ ಡಯಲ್ಲಿನ ಉಂಗುರವನ್ನು ಮಾತ್ರ ಸೊನ್ನೆಗೆ ಹಿಡಿದು, ಆಮೇಲೆ ತೂಕವನ್ನೂ ಉಂಗುರವನ್ನೂ ಒಟ್ಟಿಗೆ 2.0ಕ್ಕೆ ತನ್ನಿ. ವಿಎಂ95ಇಗೆ ಹೇಳಿರುವ ಮಿತಿ 1.8ರಿಂದ 2.2, ನಡುವಿನ 2.0ಕ್ಕಿಂತ ಕೆಳಗೆ ಹೋಗಬೇಡಿ. ಈಗ ತಕ್ಕಡಿಯಲ್ಲಿ ನೋಡಿ. ಎರಡೂ 0.1 ಗ್ರಾಂನೊಳಗೆ ಹೊಂದಿದರೆ ಭಾರದ ಚಿಂತೆ ಬಿಡಬಹುದು. ಹೊಂದದಿದ್ದರೆ, ಬೇರೆ ಪ್ರತಿತೂಕ ಹಾಕಿದ ಟರ್ನ್‌ಟೇಬಲ್ ಅಲ್ಲವೆಂದು ಖಚಿತಪಡಿಸಿಕೊಂಡು, ಡಯಲನ್ನು ನಂಬಿ ತಕ್ಕಡಿಯನ್ನು ತನಿಖೆಗೆ ಒಳಪಡಿಸಿ. ಚಿಕ್ಕಪೇಟೆಯ ಚಿನ್ನದಂಗಡಿಯಲ್ಲಿ ಕೇಳಿಕೊಂಡರೆ ಒಂದು ಸಣ್ಣ ಹಿತ್ತಾಳೆಯ ತುಂಡನ್ನು ಮುದ್ರೆಯೊತ್ತಿದ ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ, ಅದನ್ನೇ ನಿಮ್ಮ ಅಳತೆಗಲ್ಲಾಗಿ ಇಟ್ಟುಕೊಳ್ಳಿ. ತಕ್ಕಡಿಯ ತಟ್ಟೆಗೆ ಮೆಟ್ಟಿಲಿನಂತೆ ಬಗ್ಗಿಸಿದ ತೆಳು ಅಲ್ಯೂಮಿನಿಯಂ ಪಟ್ಟಿಯನ್ನು ಅಂಟಿಸಿ, ಅದರ ತುದಿ ತಕ್ಕಡಿಯ ಪಕ್ಕಕ್ಕೆ ಚಾಚಿ ಕೆಳಗಿಳಿದು ಸರಿಯಾಗಿ ರೆಕಾರ್ಡಿನ ಮಟ್ಟದಲ್ಲಿ ನಿಲ್ಲುವಂತೆ ಮಾಡಿ, ಅಂಕಿಯನ್ನು ಸೊನ್ನೆಗೆ ತಂದು ಆ ತುದಿಯ ಮೇಲೆ ಮುಳ್ಳನ್ನು ಇಳಿಸಿದರೆ ಎತ್ತರದ ತಪ್ಪೂ ಉಕ್ಕಿನ ತಪ್ಪೂ ಒಟ್ಟಿಗೆ ಹೋಗುತ್ತವೆ. ತುದಿಯಲ್ಲಿ ಹಿತ್ತಾಳೆಯ ತುಂಡನ್ನು ಇಟ್ಟು ಅಲ್ಲಿಯೂ ಅದೇ ತೂಕ ಬರುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಕೊನೆಗೆ ಆಂಟಿ-ಸ್ಕೇಟಿಂಗ್ ಅನ್ನು ಮತ್ತೆ 2ಕ್ಕೆ ತಿರುಗಿಸುವುದನ್ನು ಮರೆಯಬೇಡಿ.

ಇಷ್ಟಾಗುವವರೆಗೆ ಆ ಭಾವಗೀತೆಯ ರೆಕಾರ್ಡುಗಳನ್ನು ದಯವಿಟ್ಟು ಕವರಿನಿಂದ ತೆಗೆಯಬೇಡಿ. ಪರೀಕ್ಷೆಗೆ ಹೋದರೆ ಹೋಗಲಿ ಎನ್ನುವಂಥ ರೆಕಾರ್ಡೊಂದನ್ನು ಬಳಸಿ, ಆದರೆ ಬದಿಯ ಕೊನೆಯಲ್ಲಿ ಗಟ್ಟಿ ಹಾಡುಗಾರಿಕೆ ಇರುವಂಥದ್ದನ್ನೇ ಆರಿಸಿ. ಅದು ಶುದ್ಧವಾಗಿ ಕೇಳಿ, ನಿಮ್ಮ ಭಾವಗೀತೆಯಲ್ಲಿ ಮಾತ್ರ ಸೀಳು ಉಳಿದರೆ ಆ ಪ್ರತಿಯ ಗ್ರೂವ್ ಹಿಂದೆಯೇ ಕೆಟ್ಟಿದೆ, ಯಾವ ಜೋಡಣೆಯೂ ಅದನ್ನು ಸರಿಪಡಿಸಲಾರದು. ಎಲ್ಲ ರೆಕಾರ್ಡುಗಳಲ್ಲೂ ಉಳಿದರೆ ಮುಳ್ಳೇ ಸವೆದಿರಬಹುದು. ವಿಎಂ95 ಸರಣಿಯಲ್ಲಿ ಕಾರ್ಟ್ರಿಡ್ಜಿನ ಮೈಯನ್ನು ಹಾಗೆಯೇ ಉಳಿಸಿಕೊಂಡು ಮುಳ್ಳನ್ನು ಮಾತ್ರ ಬದಲಾಯಿಸಬಹುದು, ಪ್ರೊಟ್ರ್ಯಾಕ್ಟರಿಗೆಂದು ತೆಗೆದಿಟ್ಟ ಹಣವನ್ನು ಅದಕ್ಕೆ ಬಳಸಿ.