ಪ್ರತಿಕ್ರಿಯೆ: ಕಪಾಟಿನಿಂದ ತೆಗೆದರೆ ನಿಷೇಧವೇ?

ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ಶಾಲಾ ಗ್ರಂಥಾಲಯದಿಂದ ತೆಗೆದರೆ ಅದು ನಿಷೇಧ ಹೇಗಾಗುತ್ತದೆ ಎಂದು ಕೇಳಿದ್ದೀರಿ. ತೆಗೆದ ಕಾರಣ ನೋಡಬೇಕು. ಹರಿದ, ವರ್ಷಗಟ್ಟಲೆ ಯಾರೂ ಮುಟ್ಟದ ಪ್ರತಿಗಳನ್ನು ಗ್ರಂಥಾಲಯಗಳು ತೆಗೆಯುತ್ತಲೇ ಇರುತ್ತವೆ, ಅದರಲ್ಲಿ ತಕರಾರಿಲ್ಲ. ಒಳಗಿನ ವಿಚಾರ ಯಾರಿಗೋ ಹಿಡಿಸಲಿಲ್ಲವೆಂದು ತೆಗೆದರೆ ಮಾತೇ ಬೇರೆ. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಇದೇ ಪ್ರಶ್ನೆ ಬಂದಿತ್ತು. ನ್ಯೂಯಾರ್ಕ್ ರಾಜ್ಯದ ಐಲ್ಯಾಂಡ್ ಟ್ರೀಸ್ ಶಾಲಾ ಮಂಡಳಿ ಪುಸ್ತಕಗಳನ್ನು ತೆಗೆಸಿದ್ದನ್ನು ವಿದ್ಯಾರ್ಥಿಗಳೇ ಪ್ರಶ್ನಿಸಿದ್ದರು. ವಿಚಾರ ಇಷ್ಟವಿಲ್ಲವೆಂಬ ಕಾರಣಕ್ಕೆ ಮಂಡಳಿ ಪುಸ್ತಕ ತೆಗೆಯುವಂತಿಲ್ಲ ಎಂದು ನ್ಯಾಯಮೂರ್ತಿ ಬ್ರೆನನ್ ಬರೆದರು. ಆ ಅಭಿಪ್ರಾಯಕ್ಕೆ ಪೀಠದ ಪೂರ್ಣ ಬಹುಮತ ದಕ್ಕಲಿಲ್ಲ (ಜಗಳ ಇನ್ನೂ ಮುಗಿಯದಿರಲು ಅದೂ ಒಂದು ಕಾರಣ). ಇನ್ನು, ಕೊಳ್ಳಲು ಹಣವಿಲ್ಲದ ವಿದ್ಯಾರ್ಥಿಗೆ ಅಂಗಡಿಯಲ್ಲಿ ಸಿಕ್ಕರೆಷ್ಟು, ಬಿಟ್ಟರೆಷ್ಟು? ನಿಮ್ಮ ಶಾಲೆಯಲ್ಲೇ ಹೀಗಾಗಿದ್ದರೆ, ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.