ಓದುಗರ ಪ್ರಶ್ನೆ: ಕಾಲೇಜು ವೈಫೈ, ಅಶ್ಲೀಲ ಸೈಟ್ ಮತ್ತು ನೋಟಿಸ್ ಬೋರ್ಡ್

ಪ್ರಶ್ನೆ: ಸರ್, ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಹಾಸ್ಟೆಲ್, ಲೈಬ್ರರಿ, ಲ್ಯಾಬ್ ಮೂರರ ವೈಫೈ ನನ್ನ ತಲೆಮೇಲಿದೆ. ಅಶ್ಲೀಲ ಸೈಟ್ ಬಂದ್ ಮಾಡಿ ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ. ಫೈರ್‌ವಾಲ್ (ನೆಟ್‌ವರ್ಕ್ ಕಾಯುವ ಪೆಟ್ಟಿಗೆ) ಮಾರುವವರೊಬ್ಬರು ಬಂದು, ಪ್ರತಿ ಹುಡುಗನ ಫೋನಿಗೂ ಒಂದು ಸರ್ಟಿಫಿಕೇಟ್ ಹಾಕಿಬಿಟ್ಟರೆ ಯಾರು ಏನು ನೋಡುತ್ತಾರೆ ಎಲ್ಲ ಗೊತ್ತಾಗುತ್ತದೆ ಅಂದರು. ಹಾಕಿಸಬೇಕಾ?

ಉತ್ತರ: ಬೇಡ ಸರ್. ಆ ಸರ್ಟಿಫಿಕೇಟ್ ಮಾತ್ರ ಹಾಕಿಸಬೇಡಿ. ಈಗ ಬಹುತೇಕ ಸೈಟ್‌ಗಳು ಎಚ್‌ಟಿಟಿಪಿಎಸ್‌ನಲ್ಲೇ ಇರುತ್ತವೆ, ಅಂದರೆ ದಾರಿಯಲ್ಲಿ ಯಾರೂ ಓದದಂತೆ ಮಾಹಿತಿಗೆ ಬೀಗ ಹಾಕಿ ಕಳಿಸುತ್ತವೆ. ಹುಡುಗ ಯಾವ ಸೈಟಿಗೆ ಹೋದ ಅನ್ನೋದು ಸಾಮಾನ್ಯವಾಗಿ ನೆಟ್‌ವರ್ಕ್‌ಗೆ ತಿಳಿಯುತ್ತದೆ, ಒಳಗೆ ಏನು ಓದಿದ, ಏನು ಬರೆದ ಅನ್ನೋದು ತಿಳಿಯುವುದಿಲ್ಲ. ಸರ್ಟಿಫಿಕೇಟ್ ಹಾಕಿದ ಮೇಲೆ ಆ ಬೀಗ ನಿಮ್ಮ ಫೈರ್‌ವಾಲ್‌ನಲ್ಲೇ ತೆರೆದುಕೊಳ್ಳುತ್ತದೆ. ಮೇಲ್, ಪಾಸ್‌ವರ್ಡ್, ಮನೆಯವರಿಗೆ ಬರೆದ ಮಾತು, ಇವೆಲ್ಲ ಆ ಪೆಟ್ಟಿಗೆಯಲ್ಲಿ ಬಯಲಾಗಬಹುದು. ನಾಳೆ ಅದರ ಅಡ್ಮಿನ್ ಪಾಸ್‌ವರ್ಡ್ ಬೇರೆಯವರ ಕೈಗೆ ಸಿಕ್ಕರೆ ಮಕ್ಕಳಿಗೆ ಏನು ಹೇಳ್ತೀರಿ?

ಸೈಟಿನ ಹೆಸರಲ್ಲೇ ತಡೆದರೆ ಸಾಕು. ಫೋನು ಯಾವ ಸೈಟ್ ತೆರೆಯಬೇಕಾದರೂ ಮೊದಲು ಡಿಎನ್‌ಎಸ್ ಅನ್ನು (ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ವಿಳಾಸ ಕೇಳುತ್ತದೆ ಅಲ್ವಾ, ಅಲ್ಲಿ ಅಶ್ಲೀಲ ಸೈಟಿನ ವಿಳಾಸ ಕೊಡದಿದ್ದರಾಯಿತು. ಕ್ಲೌಡ್‌ಫ್ಲೇರ್ ಅನ್ನುವ ಇಂಟರ್ನೆಟ್ ಕಂಪನಿಯವರು 2020ರಲ್ಲಿ ಇದಕ್ಕಾಗಿಯೇ 1.1.1.3 ಮತ್ತು 1.0.0.3 ಅನ್ನುವ ಡಿಎನ್‌ಎಸ್ ವಿಳಾಸ ಕೊಟ್ಟರು, ಅವು ವೈರಸ್ ಹರಡುವ ಸೈಟ್‌ಗಳನ್ನೂ ತಡೆಯುತ್ತವೆ. ಓಪನ್‌ಡಿಎನ್‌ಎಸ್‌ನ ಫ್ಯಾಮಿಲಿಶೀಲ್ಡ್ ಕೂಡ ಇಂಥದ್ದೇ. ನಿಮ್ಮ ರೂಟರ್‌ನಲ್ಲಿ ಇದನ್ನು ಹಾಕಿ, ಹೊರಗಿನ ಬೇರೆ ಡಿಎನ್‌ಎಸ್‌ಗೆ ಹೋಗುವ 53ನೇ ಪೋರ್ಟ್ (ನೆಟ್‌ನ ಅಂಕಿ ಹಾಕಿದ ಬಾಗಿಲು) ಮುಚ್ಚಿ. ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್ ಸಾಮಾನ್ಯವಾಗಿ 853ರಲ್ಲಿ ಹೋಗುತ್ತದೆ, ಅದನ್ನೂ ಮುಚ್ಚಿ. ಅದರಲ್ಲಿ ಬೇರೆ ಡಿಎನ್‌ಎಸ್‌ನ ಹೆಸರು ಬರೆದಿಟ್ಟುಕೊಂಡವರ ಫೋನಿಗೆ ನೆಟ್ ಬರಲ್ಲ, ನಿಮ್ಮ ಹತ್ತಿರ ಬಂದು ಕೇಳುತ್ತಾರೆ, ಆಗ ತಿಳಿಸಿ ಹೇಳಿ. ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಇದ್ದರೆ ಅಲ್ಲೂ ಇದೇ ಕೆಲಸ ಮಾಡಬೇಕು, ಇದನ್ನು ಮರೆಯುವವರೇ ಜಾಸ್ತಿ.

ಪದ ನೋಡಿ ತಡೆಯುವ ಫಿಲ್ಟರ್ ಮಾತ್ರ ಬೇಡವೇ ಬೇಡ. ನಿಮ್ಮ ಪಕ್ಕದ ಬೀದರ್‌ನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಅಂಥ ಕಡೆ ಪದ ನೋಡಿ ತಡೆದರೆ ದೇವಣಿ ಹಸುವಿನ ಗರ್ಭಧಾರಣೆ ಪಾಠವೇ ತೆರೆಯದೆ ಹೋಗಬಹುದು.

ವಿಪಿಎನ್ (ಇಂಥ ತಡೆ ದಾಟಿಸುವ ಗುಟ್ಟಿನ ದಾರಿ) ಹಾಕಿಕೊಂಡವರು, ಸ್ವಂತ ಡೇಟಾ ಇದ್ದವರು ನೋಡೇ ನೋಡುತ್ತಾರೆ. ಅದನ್ನು ನಿಮ್ಮ ಸೋಲು ಅಂದುಕೊಳ್ಳಬೇಡಿ. ಲ್ಯಾಬ್‌ನಲ್ಲಿ ಪಕ್ಕ ಕೂತ ಹುಡುಗಿಗೆ ಮುಜುಗರ ಆಗಬಾರದು, ಎಲ್ಲರೂ ಹಂಚಿಕೊಂಡ ನೆಟ್ ವಿಡಿಯೋಗೇ ಮುಗಿಯಬಾರದು, ಕಾಲೇಜು ಇಷ್ಟು ನೋಡಿಕೊಂಡರೆ ಆಯಿತು. ಏನು ತಡೆದಿದ್ದೀರಿ, ತಪ್ಪಾಗಿ ತಡೆದಿದ್ದರೆ ಯಾರಿಗೆ ಹೇಳಬೇಕು, ಲಾಗ್ (ಯಾರ ಫೋನು ಯಾವ ಸೈಟ್ ಕೇಳಿತು ಅನ್ನುವ ದಾಖಲೆ) ಎಷ್ಟು ದಿನ ಇಡ್ತೀರಿ ಅನ್ನೋದನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದು ಅಡ್ಮಿಷನ್ ದಿನವೇ ಕೊಡಿ.

ಪ್ರಶ್ನೆ: ಸರ್ಕಾರವೇ ಈ ಸೈಟ್‌ಗಳನ್ನು ಬಂದ್ ಮಾಡಿದೆಯಲ್ಲ, ಕಾಲೇಜಿನವರು ಮತ್ತೆ ಯಾಕೆ? (ಒಬ್ಬ ತಂದೆ, ಬೀದರ್)

ಉತ್ತರ: 2015ರ ಜುಲೈ 31ರಂದು ದೂರಸಂಪರ್ಕ ಇಲಾಖೆ 857 ಸೈಟ್ ತಡೆಯಲು ಹೇಳಿ, ಕೆಲವೇ ದಿನಗಳಲ್ಲಿ ಸಡಿಲಿಸಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಆದೇಶದ ನಂತರ 827 ಸೈಟ್ ತಡೆಯಿತು. ಆದರೆ ಅವೇ ಸೈಟ್ ಬೇರೆ ಹೆಸರಲ್ಲಿ ಮತ್ತೆ ಬರುತ್ತವೆ ರೀ. ಮಕ್ಕಳನ್ನು ಬಳಸಿದ ಅಶ್ಲೀಲ ವಿಡಿಯೋ ಮಾತ್ರ ಬೇರೆಯದೇ ವಿಷಯ. ಐಟಿ ಕಾಯ್ದೆಯ 67ಬಿ ಪ್ರಕಾರ ಅದನ್ನು ಹುಡುಕುವುದು, ಡೌನ್‌ಲೋಡ್ ಮಾಡುವುದೂ ಅಪರಾಧ. ಮಗನಿಗೆ ಇದನ್ನು ನೀವೇ ಹೇಳಿ.

ಪ್ರಶ್ನೆ: ಯಾದಗಿರಿ ಜಿಲ್ಲೆಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಸ್ತನ ಕ್ಯಾನ್ಸರ್ ಬಗ್ಗೆ ಸೆಮಿನಾರ್ ಇತ್ತು, ಹುಡುಕಿದಾಗ ಪೇಜ್ ಬ್ಲಾಕ್ ಆಯಿತು. ಮರುದಿನ 'ನಿಷೇಧಿತ ಸೈಟ್ ನೋಡಿದವರು' ಅಂತ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿತ್ತು. ಮನೆಗೆ ಹೇಗೆ ಹೇಳಲಿ ಸರ್?

ಉತ್ತರ: ತಂಗಿ, ನಿನ್ನ ತಪ್ಪು ಏನೂ ಇಲ್ಲ. ಓದಿ ತುಂಬಾ ಬೇಜಾರಾಯಿತು, ಸಿಟ್ಟೂ ಬಂತು. ಲಾಗ್‌ನಲ್ಲಿ ಹೆಸರು ಬಂದ ಮಾತ್ರಕ್ಕೆ ನೋಡಿದರು ಅಂತ ಅರ್ಥ ಅಲ್ಲವೇ ಅಲ್ಲ. ಪೇಜಿನ ಮೂಲೆಯ ಜಾಹೀರಾತು, ಹಿಂದೆ ಸುಮ್ನೆ ಓಡುವ ಆ್ಯಪ್ ಕೂಡ ಯಾವ್ಯಾವುದೋ ಸೈಟಿನ ಹೆಸರು ಕೇಳುತ್ತಿರುತ್ತವೆ. ನಿನ್ನ ಸೆಮಿನಾರ್ ವಿಷಯ ಕೊಟ್ಟ ಮೇಡಂ ಹತ್ತಿರ ಮೊದಲು ಹೋಗು. ವಿಷಯ, ದಿನಾಂಕ, ಬ್ಲಾಕ್ ಆದ ಪೇಜಿನ ವಿಳಾಸ ಮೂರನ್ನೂ ಬರೆದು, ಅವರ ಸಹಿ ಹಾಕಿಸಿ ಪ್ರಿನ್ಸಿಪಾಲರಿಗೆ ಕೊಡು. ನೋಟಿಸ್ ತೆಗೆದರೆ ಸಾಲದು, ತಪ್ಪಾಗಿದೆ ಅಂತ ಅದೇ ಬೋರ್ಡಿನಲ್ಲಿ ಹಾಕಿ ಎಂದು ಕೇಳು. ಮನೆಗೆ ಫೋನ್ ಮಾಡುವಾಗ ಆ ಮೇಡಂ ಪಕ್ಕದಲ್ಲೇ ಇರಲಿ, ಅವರೇ ಒಂದು ಮಾತು ಅವ್ವನಿಗೆ ಹೇಳಲಿ. ಏನಾಯಿತು ಅಂತ ನಮಗೂ ಬರೆ.