ಪಿತ್ತಕೋಶದ ಕೀಹೋಲ್ ಆಪರೇಶನ್: ಹೊಕ್ಕುಳದ ಗಾಯ ಮಾತ್ರ ಯಾಕೆ ಒಣಗುತ್ತಿಲ್ಲ?

ನೀವು ಬರೆದದ್ದು: ಬದಿಯಡ್ಕದ ಹತ್ತಿರ ಮನೆ, ತಾಯಿಗೆ ಮಂಗಳೂರಿನಲ್ಲಿ ಪಿತ್ತಕೋಶ ತೆಗೆಸಿ ಒಂಬತ್ತು ದಿನ. ಮೂರು ಗಾಯ ಒಣಗಿದೆ, ಹೊಕ್ಕುಳದ್ದು ಮಾತ್ರ ಒದ್ದೆ. ಜ್ವರ ಇಲ್ಲ. ಅರಶಿನ ಹಚ್ಚಬಹುದಾ, ಮೀನು ನಂಜಾ, ಕೊಡಪಾನ ಎತ್ತುವುದು ಯಾವಾಗ ಎಂದು ಕೇಳಿದ್ದೀರಿ.

ಈ ಆಪರೇಶನಿಗೆ ಸಾಮಾನ್ಯವಾಗಿ ನಾಲ್ಕು ತೂತು. ಹೊಕ್ಕುಳಲ್ಲೊಂದು, ಎದೆಮೂಳೆಯ ಕೆಳಗೊಂದು, ಇವೆರಡೂ ಸುಮಾರು 10 ಮಿಲಿಮೀಟರ್. ಬಲಪಕ್ಕದ ಎರಡು 5 ಮಿಲಿಮೀಟರ್, ಅವು ಬೇಗ ಕೂಡಿಕೊಳ್ತವೆ. ಹೊಕ್ಕುಳು ಹಾಗಲ್ಲ. ಅದು ಮಡಿಕೆಯ ಜಾಗ, ಬೆವರು ನಿಲ್ತದೆ, ಗಾಳಿಯಾಡುವುದಿಲ್ಲ, ಆಪರೇಶನಿಗೆ ಮೊದಲು ಎಷ್ಟು ಶುಚಿ ಮಾಡಿದರೂ ಬ್ಯಾಕ್ಟೀರಿಯಾ ಸ್ವಲ್ಪ ಉಳಿಯುತ್ತದೆ. ಪಿತ್ತಕೋಶವನ್ನು ಆ ತೂತಿನಿಂದಲೇ ಹೊರಗೆಳೆದಿದ್ದರೆ ಅಂಚು ಜಗ್ಗಿ ಇನ್ನಷ್ಟು ನೊಂದಿರುತ್ತದೆ. ಜೊತೆಗೆ ನಮ್ಮ ಕಡೆಯ ಸೆಕೆ. ಯಾರೂ ಗಮನಿಸದ ಇನ್ನೊಂದು ಕಾರಣ ಲಂಗದ ಲಾಡಿ. ಅದು ಸರಿಯಾಗಿ ಹೊಕ್ಕುಳ ಹತ್ತಿರವೇ ಬಿಗಿದು, ಕೂತು ಏಳುವಾಗಲೆಲ್ಲ ಗಾಯವನ್ನು ಉಜ್ಜುತ್ತದೆ. ಮೂರು ವಾರ ಸಡಿಲವಾದ ನೈಟಿ ಹಾಕಲಿ.

ಒದ್ದೆ ಎಂದರೆ ಯಾವ ಒದ್ದೆ ಎಂದು ನೋಡಬೇಕು. ಬೆಳಿಗ್ಗೆ ತೆಗೆದ ಗಾಜ್ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಗಂಜಿತಿಳಿಯಷ್ಟು ತೆಳು, ಹಳದಿ ಅಥವಾ ನಸುಗೆಂಪು, ವಾಸನೆಯಿಲ್ಲ, ದಿನದಿನಕ್ಕೆ ಕಲೆ ಚಿಕ್ಕದಾಗುತ್ತಿದೆ ಎಂದಾದರೆ ಅದು ಬರಿಯ ರಸಿಕೆ, ತಾನಾಗಿ ನಿಲ್ಲುತ್ತದೆ. ಗಟ್ಟಿ, ಹಸಿರು ಹಳದಿ, ನಾತ ಇದ್ದರೆ ಕೀವು, ಡಾಕ್ಟರಿಗೆ ತೋರಿಸಲೇಬೇಕು. ಸುತ್ತ ಕೆಂಪಿದ್ದರೆ ಅದರ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಮರುದಿನ ಕೆಂಪು ಗೆರೆ ದಾಟಿದರೆ, ನೋವು ಕಡಿಮೆಯಾಗುವ ಬದಲು ಹೆಚ್ಚಿದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಕಣ್ಣು ಹಳದಿ, ಚಳಿಜ್ವರ, ಹೊಟ್ಟೆ ಉಬ್ಬಿ ವಾಂತಿ, ಇವು ಹೊರಗಾಯದ ವಿಷಯವೇ ಅಲ್ಲ. ಒಳಗೆ ಪಿತ್ತ ಸೋರುತ್ತಿರಬಹುದು, ರಾತ್ರಿಯಾದರೂ ಹೊರಡಿ.

ಶುಚಿ ಮಾಡುವುದಕ್ಕೆ ಮೆಡಿಕಲ್ ಶಾಪಿನ 100 ಎಂಎಲ್ ನಾರ್ಮಲ್ ಸಲೈನ್ ಸಾಕು, ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು. ಸೋಪಿನಿಂದ ಕೈ ತೊಳೆದು, ಇಯರ್‌ಬಡ್ ಅದ್ದಿ ಮಡಿಕೆಯಲ್ಲಿ ಒಂದೇ ಸುತ್ತು ಮೆಲ್ಲಗೆ ತಿರುಗಿಸಿ ಬಿಸಾಡಿ. ಮತ್ತೊಂದರಿಂದ ಇನ್ನೊಂದು ಸುತ್ತು. ಆಮೇಲೆ ಒಣಗಿದ ಬಡ್‌ನಿಂದ ಒತ್ತಿ ತೇವ ತೆಗೆಯಿರಿ. ಈ ಕೊನೆಯ ಕೆಲಸ ಬಿಟ್ಟುಬಿಟ್ಟರೆ ಮಡಿಕೆಯಲ್ಲಿ ತೇವ ಉಳಿದು ಗಾಯ ಒಣಗುವುದು ತಡವಾಗುತ್ತದೆ. ಹಕ್ಕಳೆ ಕೀಳಬೇಡಿ. ಮೇಲೆ ಗಾಜ್ ಬಟ್ಟೆ, ಪೇಪರ್ ಟೇಪ್. ಹತ್ತಿ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ದಿನಕ್ಕೆರಡು ಸಲ, ಒದ್ದೆಯಾದಾಗಲೆಲ್ಲ ಬದಲಿಸಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಹೊಸದಾಗಿ ಹುಟ್ಟುವ ಚರ್ಮವನ್ನೇ ಅವು ಸುಡುತ್ತವೆ. ಅರಶಿನವೂ ಬೇಡ, ಗಾಯಕ್ಕೆ ಹಿಂಡುವ ಕಾಡುಗಿಡ ಕಮ್ಯೂನಿಸ್ಟ್ ಸೊಪ್ಪಿನ ರಸವೂ ಬೇಡ. ಅಡುಗೆಮನೆಯ ಪುಡಿ ಕ್ರಿಮಿಮುಕ್ತವಲ್ಲ, ಗಟ್ಟಿ ಕೂತು ಅಡಿಯ ಕೀವನ್ನು ಮುಚ್ಚಿಡುತ್ತದೆ. ಮೈಮೇಲೆ ನೀರು ಹೊಯ್ದು ಸ್ನಾನ ಮಾಡಬಹುದು. ಕೆರೆ, ತೋಡಿಗೆ ಇಳಿಯುವುದು ಮಾತ್ರ ಗಾಯ ಪೂರ್ತಿ ಒಣಗಿದ ಮೇಲೆ.

ಡಿಸ್ಚಾರ್ಜ್ ಚೀಟಿ ನೋಡಿ. ನೈಲಾನ್ ಅಥವಾ ಪ್ರೊಲೀನ್ ಎಂದಿದ್ದರೆ ಹೊಲಿಗೆ ತೆಗೆಸಬೇಕು, ಸಾಮಾನ್ಯವಾಗಿ 7ರಿಂದ 10 ದಿನದೊಳಗೆ. ವಿಕ್ರಿಲ್, ಮೊನೊಕ್ರಿಲ್ ಆದರೆ ಕರಗುತ್ತದೆ. ನೈಲಾನ್ ಹೊಲಿಗೆಯನ್ನು ಬಹಳ ದಿನ ಬಿಟ್ಟರೆ ದಾರವೇ ರಸಿಕೆ ಬರಿಸುತ್ತದೆ. ಬರಿಯ ಹೊಲಿಗೆ ತೆಗೆಸಲು ಮಂಗಳೂರಿನವರೆಗೆ ಬಸ್ಸಿನಲ್ಲಿ ಕುಲುಕಬೇಕಾಗಿಲ್ಲ, ಚೀಟಿ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋಗಿ. ಆದರೆ ಒದ್ದೆಯ ವಿಷಯ ಆಪರೇಶನ್ ಮಾಡಿದ ಡಾಕ್ಟರಿಗೂ ಫೋನಿನಲ್ಲಿ ತಿಳಿಸಿ.

ಮೀನು ನಂಜಲ್ಲ. ಮೀನಿನಿಂದ ಗಾಯ ಕೀವಾಗುವುದಿಲ್ಲ. ಗಾಯ ಕೂಡುವುದಕ್ಕೆ ಪ್ರೋಟೀನ್ ಬೇಕೇ ಬೇಕು. ಬರಿಯ ಗಂಜಿ ಉಪ್ಪಿನಕಾಯಿಯಲ್ಲಿ ಅವರನ್ನು ಇಡಬೇಡಿ, ದಯವಿಟ್ಟು. ಮೀನಿನ ಸಾರು, ಮೊಟ್ಟೆ, ಹೆಸರುಕಾಳು ಕೊಡಿ. ಕರಿದದ್ದು ಕೆಲವು ವಾರ ಬೇಡ, ಪಿತ್ತಕೋಶ ಇಲ್ಲದಾಗ ಎಣ್ಣೆ ಹೆಚ್ಚಾದರೆ ಭೇದಿಯಾಗಬಹುದು. ಸಕ್ಕರೆ ಕಾಯಿಲೆ ಇದ್ದರೆ ಶುಗರ್ 180 ದಾಟದ ಹಾಗೆ ನೋಡಿಕೊಳ್ಳಿ.

ಕೊಡಪಾನ ಆರು ವಾರ ಬೇಡ. ಚರ್ಮ ಒಣಗಿತು ಎಂದರೆ ಮುಚ್ಚಳ ಮುಚ್ಚಿತು ಅಷ್ಟೇ, ಅಡಿಯ ಗಟ್ಟಿಪದರ ನಿಧಾನ. ಮೂರು ವಾರಕ್ಕೆ ಗಾಯದ ಬಲ ಮೊದಲಿನ ಐದನೇ ಒಂದು ಭಾಗ ಮಾತ್ರ. ತುಂಬಿದ ಕೊಡಪಾನ 12 ಕಿಲೋಗೂ ಮೇಲೆ ತೂಗಬಹುದು. ಸದ್ಯ 4 ಕಿಲೋ ಸಾಕು. ಬಾವಿಯ ಹಗ್ಗ ಎಳೆಯುವುದು, ಹುಲ್ಲಿನ ಹೊರೆ, ಇವಕ್ಕೂ ಅದೇ ಲೆಕ್ಕ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲಿ, ಮಲಬದ್ಧತೆ ಆಗದಿರಲಿ. ಮುಂದೆಂದಾದರೂ ಕೆಮ್ಮುವಾಗ ಹೊಕ್ಕುಳ ಬದಿ ಉಬ್ಬಿದರೆ ಹರ್ನಿಯಾ ಇರಬಹುದು, ತೋರಿಸಿ.

ಕೆಲವು ವಾರದ ನಂತರ ಬಿಳಿ ದಾರದ ತುದಿ ಹೊರಬಂದರೆ ಎಳೆಯದೆ ಆಸ್ಪತ್ರೆಯಲ್ಲಿ ಕತ್ತರಿಸಿಸಿ. ಆದರೆ ಪೂರ್ತಿ ಒಣಗಿದ ಗಾಯ ಮೂರು ನಾಲ್ಕು ವಾರದ ಮೇಲೆ ಗಂಟು ಕಟ್ಟಿ, ಒಡೆದು ಸೋರಲು ಶುರುವಾಗಿ, ಆಂಟಿಬಯೋಟಿಕ್ ತಿಂದರೂ ಮತ್ತೆ ಮತ್ತೆ ಬಂದರೆ ಸುಮ್ಮನಿರಬೇಡಿ. ಉಪಕರಣಗಳ ಶುದ್ಧೀಕರಣ ಸರಿಯಾಗದಿದ್ದಾಗ, ನಲ್ಲಿನೀರಿನಲ್ಲಿ ತೊಳೆದಾಗ, ಕ್ಷಯದ ಜಾತಿಗೇ ಸೇರಿದ ಮೈಕೋಬ್ಯಾಕ್ಟೀರಿಯಾ ಹೀಗೆ ಗಾಯದೊಳಗೆ ಸೇರುತ್ತವೆ. ಮಾಮೂಲಿ ಕೀವಿನ ಪರೀಕ್ಷೆಯಲ್ಲಿ ಅವು ಸಿಕ್ಕದೆ ಹೋಗಬಹುದು. ಎಎಫ್‌ಬಿ ಪರೀಕ್ಷೆ (ಈ ಜಾತಿಯ ರೋಗಾಣುವನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಹುಡುಕುವುದು) ಮತ್ತು ಮೈಕೋಬ್ಯಾಕ್ಟೀರಿಯಾ ಕಲ್ಚರ್ ಮಾಡಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ, ಯಾಕೆಂದರೆ ಅದರ ಔಷಧ ಬೇರೆ, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ.